ಊರಿಂದ ಬಂದವರಿಗೆ ಷೇರು ಮಾರ್ಕೆಟ್ ಬಿಲ್ಡಿಂಗ್ ತೋರಿಸೋದು ಹೇಗೆ?

ಕುಂದಾಪುರದಿಂದ ಮುಂಬೈಗೆ ಬಂದಿದ್ದ ಮಾವ ಗೇಟ್‌ವೇ ಆಫ್ ಇಂಡಿಯಾ ನೋಡಿ ಮುಗಿಸಿ ಕೇಳಿದರು: "ಟೀವಿಯಲ್ಲಿ ಬರುತ್ತಲ್ಲ, ಗೂಳಿ ಇರೋ ಬಿಲ್ಡಿಂಗು, ಅದೆಲ್ಲಿ ಮಾರಾಯ?" ನೇರ ದಲಾಲ್ ಸ್ಟ್ರೀಟಿಗೆ ಕರ್ಕೊಂಡು ಹೋದೆ. ತಪ್ಪಾಯ್ತು. ಗಲ್ಲಿ ಇಕ್ಕಟ್ಟು, ಕಟ್ಟಡ ಎತ್ತರ. ಕತ್ತು ನೋವು ಬಂತೇ ಹೊರತು ಏನೂ ಕಾಣಲಿಲ್ಲ.

ನೀವು ಹಾರ್ನಿಮನ್ ಸರ್ಕಲ್‌ನಿಂದ ಶುರು ಮಾಡಿ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಟೌನ್ ಹಾಲ್ ಮೆಟ್ಟಿಲ ಮೇಲೆ ಸುಮ್ನೆ ಹತ್ತು ನಿಮಿಷ ಕೂರಿ. 1850ರ ದಶಕದಲ್ಲಿ ದಲ್ಲಾಳಿಗಳು ಷೇರು ಮಾರುತ್ತಿದ್ದದ್ದು ಇದರ ಎದುರಿನ ಆಲದ ಮರಗಳ ಕೆಳಗೆ. 1875ರಲ್ಲಿ ಅವರದ್ದೇ ಸಂಘ ಆಯ್ತು, ಅದೇ ಇವತ್ತಿನ ಬಿಎಸ್‌ಇ, ಅಂದ್ರೆ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್. ಈ ಕತೆ ಮೊದಲು ಹೇಳಿಬಿಟ್ಟರೆ ಆಮೇಲೆ ಕಾಣುವ ಕಾಂಕ್ರೀಟ್‌ಗೆ ಒಂದು ಅರ್ಥ ಬರುತ್ತೆ.

ಈಗ ದಲಾಲ್ ಸ್ಟ್ರೀಟ್ ಕಡೆ ನಡೆಯಿರಿ, ಆದರೆ ಗೇಟಿಗೆ ಅಂಟಿಕೊಂಡು ನಿಲ್ಲಬೇಡಿ. ದೂರದಿಂದ ನೋಡಿದರೆ ಎರಡು ಭಾಗ ಕಾಣುತ್ತೆ: 29 ಮಹಡಿಯ, ಸುಮಾರು 118 ಮೀಟರ್ ಎತ್ತರದ ಟವರ್, ಅದರ ಮಗ್ಗುಲಲ್ಲಿ ಗುಂಡಗಿನ ಕಟ್ಟಡ. ವಿನ್ಯಾಸ ಚಂದ್ರಕಾಂತ್ ಪಟೇಲ್ ಅವರದ್ದು, ಮುಗಿದದ್ದು 1980ರಲ್ಲಿ. ಹೆಚ್ಚಿನವರು ಟವರನ್ನೇ ನೋಡ್ತಾರೆ, ನನಗೆ ಆ ಗುಂಡಗಿನದ್ದೇ ಇಷ್ಟ. ಒಳಗೆ ನೂರಾರು ಜನ ಕೈ ಎತ್ತಿ, ಬೆರಳು ತೋರಿಸಿ, ಗಂಟಲು ಹರಿಯೋ ಹಾಗೆ ಕೂಗಿ ವ್ಯಾಪಾರ ಮಾಡುತ್ತಿದ್ದ "ರಿಂಗ್" ಇತ್ತು. 1995ರಲ್ಲಿ ಕಂಪ್ಯೂಟರ್ ಬಂತು, ಕೂಗಾಟ ನಿಂತಿತು.

ಟವರಿಗಿರುವ ಹೆಸರು ಫಿರೋಜ್ ಜೀಜೀಭಾಯ್ ಅವರದ್ದು. 1966ರಿಂದ ತೀರಿಕೊಳ್ಳುವವರೆಗೂ ಅವರೇ ಇಲ್ಲಿನ ಅಧ್ಯಕ್ಷರು.

ಒಳಗೆ ಬಿಡಲ್ಲ, ಪೊಲೀಸರ ಹತ್ತಿರ ವಾದ ಬೇಡ. 1993ರ ಮಾರ್ಚ್ 12ರ ಮಧ್ಯಾಹ್ನ ಮುಂಬೈಯ ಸರಣಿ ಸ್ಫೋಟದ ಮೊದಲ ಬಾಂಬ್ ಸಿಡಿದದ್ದು ಇದೇ ಕಟ್ಟಡದ ನೆಲಮಾಳಿಗೆಯಲ್ಲಿ. ಅಷ್ಟಾದರೂ ಟವರ್ ನಿಂತೇ ಇತ್ತು.

ವಾರದ ದಿನ ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30ರ ಒಳಗೆ ಬಂದರೆ ಹೊರಗಿನ ಪರದೆಯಲ್ಲಿ ಸೆನ್ಸೆಕ್ಸ್, ಅಂದ್ರೆ ಇಲ್ಲಿನ ಷೇರು ಸೂಚ್ಯಂಕ, ಏರಿಳಿಯೋದು ನೋಡಬಹುದು. 1978-79ರ ಮಟ್ಟವನ್ನು 100 ಅಂತ ಇಟ್ಟುಕೊಂಡು ಶುರುವಾದ ಲೆಕ್ಕ ಅದು.

ಗೂಳಿಯನ್ನು ಕೊನೆಗೆ ಇಟ್ಟುಕೊಳ್ಳಿ. ಷೇರುಪೇಟೆಯಲ್ಲಿ ಗೂಳಿ ಅಂದ್ರೆ ಏರುವ ಮಾರುಕಟ್ಟೆಯ ಗುರುತು. ಮಾಡಿದವರು ನಮ್ಮ ಗಡಿಯಾಚೆಗಿನ ಸೋಲಾಪುರದ ಶಿಲ್ಪಿ ಭಗವಾನ್ ರಾಮಪುರೆ. 2008ರ ಜನವರಿಯಲ್ಲಿ ತಂದು ನಿಲ್ಲಿಸಿದರು, ಅದೇ ತಿಂಗಳು ಮಾರುಕಟ್ಟೆ ದಡಕ್ಕನೆ ಬಿತ್ತು. ಇದನ್ನು ಹೇಳಿದಾಗ ಮಾವ ಗೂಳಿಯನ್ನೇ ಒಂದು ಸಲ ದಿಟ್ಟಿಸಿ, "ಕಾಲಗುಣ ಸರಿ ಇರಲಿಲ್ಲ ಅಂತ ಕಾಣುತ್ತೆ" ಅಂದರು.