ಪಟ್ಟಿ, ಚುಕ್ಕಿ, ಎರಡು ನಿಮಿಷ: ಪ್ರಾಥಮಿಕ ಶಾಲೆಯಲ್ಲಿ ನನ್ನ ಅನುಭವ

ಮಕ್ಕಳ ಮನಸ್ಸಿನ ಆರೋಗ್ಯದ ಹೊಣೆ ನನ್ನ ತಲೆಗೆ ಬಂದಾಗ ಶಾಲೆಯಲ್ಲಿ ಕೌನ್ಸೆಲರ್ ಇರಲಿಲ್ಲ. ಈಗಲೂ ಇಲ್ಲ. "ತಜ್ಞರಿಲ್ಲದೆ ಇದೆಲ್ಲ ಆಗುವ ಹೋಗುವ ಮಾತಲ್ಲ, ಸಿಲಬಸ್ ಮುಗಿಸಿ ಸಾಕು" ಅಂದವರೇ ಈಗ ತಮ್ಮ ತರಗತಿಯ ಪಟ್ಟಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುವ ಹುಮ್ಮಸ್ಸು.

ಈ ಕೆಲಸಕ್ಕೆಂದು ಇದ್ದ ಮೊದಲ ವರ್ಷದ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಒಂದು ದಿನದ ಉಪನ್ಯಾಸಕ್ಕೆ ಹೋಯಿತು, ಉಳಿದದ್ದರಲ್ಲಿ ಬಹುಪಾಲು ಪೋಸ್ಟರ್‌ಗಳಿಗೆ. ಉಪನ್ಯಾಸಕ್ಕೆ ಚಪ್ಪಾಳೆ ಬಿತ್ತು, ಮರುವಾರಕ್ಕೆ ಯಾರಿಗೂ ಏನೂ ನೆನಪಿಲ್ಲ. ತರಗತಿಯ ಬಾಗಿಲಲ್ಲಿ 'ಇವತ್ತು ಹೇಗಿದ್ದೀಯ' ಎಂಬ ಮುಖಗಳ ಚಾರ್ಟ್ ಹಾಕಿದೆವು. ಹಿಂದೆ ಸಾಲಿನಲ್ಲಿ ನಿಂತ ಗೆಳೆಯರ ಕಣ್ಣೆದುರು ಅಳುಮುಖ ಮುಟ್ಟುವ ಮಗು ಯಾವುದು? ಎಲ್ಲರೂ ನಗುಮುಖವೇ. 'ಮನದ ಮಾತಿನ ಪೆಟ್ಟಿಗೆ' ಇಟ್ಟರೆ ಅದರ ತುಂಬ ಚಾಡಿಚೀಟಿಗಳು. ಬೆಳಗಿನ ಕಣ್ಮುಚ್ಚಿ ಉಸಿರಾಟ ಮೂರನೇ ತರಗತಿಯಲ್ಲಿ ಕಿಸಿಕಿಸಿ ನಗುವಿನಲ್ಲೇ ಮುಗಿಯುತ್ತಿತ್ತು. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ಮಿರಿಯಡ್ ಅಧ್ಯಯನವೂ 2022ರಲ್ಲಿ ಇಡೀ ತರಗತಿಗೆ ಕಲಿಸಿದ ಮೈಂಡ್‌ಫುಲ್‌ನೆಸ್‌ನಿಂದ (ಉಸಿರು, ಮನಸ್ಸಿನ ಮೇಲೆ ಗಮನವಿಡುವ ಅಭ್ಯಾಸ) ಹೆಚ್ಚಿನ ಲಾಭವಿಲ್ಲ ಎಂದೇ ಹೇಳಿತು. ಅವರು 11 ದಾಟಿದ, ಸೆಕೆಂಡರಿ ಶಾಲೆಯ ಮಕ್ಕಳು, ನಿಜ. ಆದರೂ ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಎಸ್‌ಡಿಕ್ಯು ಅಂತ ಒಂದಿದೆ, ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ ಅವರದು, ಮಗುವಿನ ಭಾವನೆ, ನಡತೆಯ ತೊಂದರೆ ಗುರುತಿಸುವ 25 ಅಂಶಗಳ ಪ್ರಶ್ನಾವಳಿ. 11ಕ್ಕಿಂತ ಚಿಕ್ಕವರು ತಾವೇ ತುಂಬುವಂತಿಲ್ಲ, ಹಾಗಾಗಿ ಶಿಕ್ಷಕರಿಂದ, ಹೆತ್ತವರಿಂದ ತುಂಬಿಸಿದೆವು. ಒಂದೇ ಮಗುವಿನ ಎರಡು ಹಾಳೆ ನೋಡಿದರೆ ಎರಡು ಬೇರೆ ಮಕ್ಕಳೋ ಅನ್ನಿಸುವಷ್ಟು ಅಂತರ. ಶಿಕ್ಷಕರ ಕಣ್ಣಿಗೆ ಬಿದ್ದವರೆಲ್ಲ ಗಲಾಟೆಯವರು. ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು ಬರುವ, ಅಕ್ಷರ ದುಂಡಗೆ ಬರೆಯುವ ಸಾಧು ಮಕ್ಕಳು ಜರಡಿಯಲ್ಲಿ ನುಸುಳಿ ಹೋಗಿದ್ದರು.

ಕೆಲಸ ಮಾಡಿದ್ದು ಇದು. ಸ್ಟಾಫ್ ರೂಮಿನ ಗೋಡೆಗೆ ಶಾಲೆಯ ಎಲ್ಲ ಮಕ್ಕಳ ಹೆಸರು ಅಂಟಿಸಿದೆವು. ಶಿಕ್ಷಕರು, ಆಯಾ, ಗುಮಾಸ್ತರು, ವ್ಯಾನ್ ಡ್ರೈವರ್, ಹೀಗೆ ಎಲ್ಲರ ಕೈಗೂ ಪೆನ್ನು. ಅಂಕ ಬಿಟ್ಟು ಬೇರೇನಾದರೂ ಗೊತ್ತಿರುವ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕಿ ಇಡಬೇಕು. ಕೆಲವು ಹೆಸರುಗಳ ಮುಂದೆ ಜಾಗ ಸಾಲದಷ್ಟು ಚುಕ್ಕಿ, ಐದರಲ್ಲೊಂದು ಹೆಸರಿನ ಮುಂದೆ ಒಂದೂ ಇಲ್ಲ. ಆ ಹೊತ್ತು ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಚುಕ್ಕಿಯಿಲ್ಲದ ಪ್ರತಿ ಮಗುವಿಗೂ ಒಬ್ಬ ದೊಡ್ಡವರನ್ನು ಗೊತ್ತುಮಾಡಿದೆವು. ದಿನಕ್ಕೆ ಎರಡು ನಿಮಿಷ, ಹತ್ತು ಶಾಲಾ ದಿನ, ಪಾಠದ ಸುದ್ದಿ ಎತ್ತದೆ, ಬುದ್ಧಿವಾದ ಹೇಳದೆ ಮಾತು. ಹೊರಗಿನಿಂದ ನೋಡಿದರೆ ಬರೀ ಹರಟೆ. ಬಾಯೇ ಬಿಡದ ಮಗುವಿನ ಹತ್ತಿರ ನಾನು ಮೊದಲ ದಿನ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಪ್ರಶ್ನೆ ಕೇಳುವುದಿಲ್ಲ, ಅಷ್ಟು ಸುಳಿವು ಸಾಕು.

ಒಂದು ಕಟ್ಟುನಿಟ್ಟು: 'ಯಾರಿಗೂ ಹೇಳಲ್ಲ' ಎಂದು ಮಗುವಿಗೆ ಮಾತು ಕೊಡಬಾರದು. ಹೊಡೆತ, ಕೆಟ್ಟ ಸ್ಪರ್ಶ, ಸಾಯುವ ಮಾತು ಕಿವಿಗೆ ಬಿದ್ದರೆ ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಬೇಕು, ಅಲ್ಲಿಂದ ವೈದ್ಯರಿಗೋ ಮಕ್ಕಳ ರಕ್ಷಣೆಯವರಿಗೋ. ಅಲ್ಲಿ ಹರಟೆ ಸಾಲದು.

ಎರಡನೇ ವರ್ಷ ಪೋಸ್ಟರ್ ಹಣ ಪೂರ್ತಿ ನಿಲ್ಲಿಸಿ, ವಾರಕ್ಕೆ ಕೆಲವು ಪಿರಿಯಡ್ ನೋಡಿಕೊಳ್ಳಲು ಬದಲಿ ಶಿಕ್ಷಕರೊಬ್ಬರನ್ನು ಇಟ್ಟೆವು. ಆಡಳಿತದವರ ಜೊತೆ ಜಗಳ ಆದದ್ದು ಇದಕ್ಕೇ. ಉಸಿರಾಡಲು ಪುರುಸೊತ್ತಿಲ್ಲದ ಟೀಚರ್ ಮಗುವಿನ ಮಾತು ಕೇಳುವುದಾದರೂ ಹೇಗೆ? ಸೋಮವಾರದ ಹೊಟ್ಟೆನೋವುಗಳು ಆ ವರ್ಷದ ಕೊನೆಗೆ ಅಂದಾಜು ಮೂರನೇ ಒಂದು ಪಾಲಿಗೆ ಇಳಿದವು. ಆಯಾ ನೋಡಿಕೊಂಡ ಮಕ್ಕಳಲ್ಲಿ ಬದಲಾವಣೆ ಎಲ್ಲಕ್ಕಿಂತ ಬೇಗ ಕಂಡಿತು. ಶಿಕ್ಷಕರಿಗೆ ಇದು ಅಷ್ಟು ರುಚಿಸಲಿಲ್ಲ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಆಟದ ಬಿಡುವನ್ನು ಊಟಕ್ಕಿಂತ ಮುಂಚೆ ತಂದೆವು, ಮಧ್ಯಾಹ್ನದ ಮೊದಲ ಪಿರಿಯಡ್‌ಗೆ ಬರುತ್ತಿದ್ದ ಜಗಳದ ದೂರು ಕಡಿಮೆಯಾದವು. ತರಗತಿಯನ್ನು ತಂಡಗಳಾಗಿ ಮಾಡಿ, ನಿಯಮ ಪಾಲಿಸಿದ ತಂಡವನ್ನು ಗೆಲ್ಲಿಸುವ ಗುಡ್ ಬಿಹೇವಿಯರ್ ಗೇಮ್ 1969ರಿಂದ ಹೆಸರಾಗಿದೆ, ಅದು ಎರಡನೇ ತರಗತಿಯಲ್ಲಿ ಭರ್ಜರಿಯಾಗಿ ನಡೆಯಿತು. ನಾಲ್ಕನೆಯದರಲ್ಲಿ ಇಬ್ಬರು ಪೋರರು ಬೇಕೆಂದೇ ತಂಡವನ್ನು ಸೋಲಿಸಿ ಮಜಾ ತೆಗೆದುಕೊಂಡರು. ಅವರಿಬ್ಬರದೇ ಒಂದು ತಂಡ ಮಾಡಿದ ಮೇಲೆ ಮಜಾ ಹೋಯಿತು, ಆಟ ಸರಿಹೋಯಿತು. ಒಂಟಿಯಾದ ಮಗು ಕೂತರೆ ಬೇರೆಯವರು ಬಂದು ಆಟಕ್ಕೆ ಕರೆಯಲಿ ಎಂದು ಮೈದಾನದಲ್ಲಿ ಇಟ್ಟ 'ಗೆಳೆಯರ ಬೆಂಚು' ಮಾತ್ರ ದಂಡ. ಕೂತ ಮಗು ಕೂತೇ ಇರುತ್ತಿತ್ತು.

ಇನ್ನೂ ಕೈಗೆ ಸಿಗದವರೆಂದರೆ ವರ್ಷದ ಮಧ್ಯೆ ಸೇರುವ ಮಕ್ಕಳು. ಗೋಡೆಯ ಪಟ್ಟಿ ಜೂನ್‌ನಲ್ಲಿ ಬರೆದದ್ದು, ಅವರ ಹೆಸರೇ ಅಲ್ಲಿ ಇರುವುದಿಲ್ಲ. ಈ ಸಲ ದಾಖಲಾತಿ ಅರ್ಜಿಯಲ್ಲೇ 'ಮಾತಾಡುವವರು' ಎಂಬ ಖಾಲಿ ಗೆರೆ ಸೇರಿಸಿದ್ದೇವೆ. ಅದು ತುಂಬದೆ ಗುಮಾಸ್ತರು ಅರ್ಜಿ ತೆಗೆದುಕೊಳ್ಳುವುದಿಲ್ಲ.