ಡೈಪರ್ ಹಾಕಿ ಕೆಂಪಾದ ಚರ್ಮಕ್ಕೆ ಮನೆಯಲ್ಲೇ ಮುಲಾಮು

ಕಾಸರಗೋಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟವಾದ್ದರಿಂದ ಮಗು ಡೈಪರಿನಲ್ಲಿರುವ ಹೊತ್ತು ಹೆಚ್ಚುತ್ತದೆ. ಒದ್ದೆಯಲ್ಲಿ ಮೆತ್ತಗಾದ ಚರ್ಮಕ್ಕೆ ಮಲಮೂತ್ರ ತಗಲಿ ಕೆಂಪೇಳುತ್ತದೆ. ಆ ಚರ್ಮದ ಮೇಲೆ ತೇವ ತಡೆಯುವ ಪದರವೊಂದನ್ನು ಕೂರಿಸುವುದೇ ಮುಲಾಮಿನ ಕೆಲಸ.

80 ಗ್ರಾಂ ತೆಂಗಿನೆಣ್ಣೆ, 10 ಗ್ರಾಂ ಶುದ್ಧ ಜೇನುಮೇಣ, ಔಷಧ ದರ್ಜೆಯ 10 ಗ್ರಾಂ ಜಿಂಕ್ ಆಕ್ಸೈಡ್ ಪುಡಿ ಬೇಕು. ಎಣ್ಣೆ ಮಿಲ್ಲಿನಲ್ಲಿ ಆಡಿಸಿದ್ದಾದರೂ ಸರಿ, ತೆಂಗಿನ ಹಾಲು ಕಾಯಿಸಿ ತೆಗೆದದ್ದಾದರೂ ಸರಿ, ಆದರೆ ಅದರಲ್ಲಿ ನೀರಿನಂಶವಾಗಲಿ ಕಮಟು ವಾಸನೆಯಾಗಲಿ ಇರಬಾರದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ನಮ್ಮ ಕರಾವಳಿಯ ಸೆಕೆಗೆ ಅದೊಂದೇ ನಿಲ್ಲದು. ಮೇಣ ಅದನ್ನು ಹಿಡಿದಿಡುತ್ತದೆ.

ಕುದಿನೀರಿನ ಪಾತ್ರೆಯೊಳಗೆ ಒಣಗಿದ ಸ್ಟೀಲ್ ಬಟ್ಟಲನ್ನಿಟ್ಟು ಎಣ್ಣೆ ಮತ್ತು ಮೇಣವನ್ನು ಕರಗಿಸಿ ಇಳಿಸಬೇಕು. ಪುಡಿ ಉಸಿರಿಗೆ ಸೇರದಂತೆ ಮಾಸ್ಕ್ ಧರಿಸಿ, ಮಗುವನ್ನು ದೂರವಿಟ್ಟು, ಜಿಂಕ್ ಆಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಬಳಿಕ ಕೈಬಿಡದೆ ಕಲಕುವುದು ಮುಖ್ಯ: ಬಟ್ಟಲಿನ ಅಂಚು ಬಿಳಿಚಿ, ಚಮಚ ಎಳೆದ ಗೆರೆ ಕ್ಷಣಕಾಲ ನಿಲ್ಲುವವರೆಗೆ ಕಲಕದಿದ್ದರೆ ಪುಡಿ ತಳ ಸೇರುತ್ತದೆ. ಆಮೇಲೆ ಕುದಿಸಿ ಒಣಗಿಸಿದ ಗಾಜಿನ ಭರಣಿಗೆ ತುಂಬಿಸಿ. ಸುಗಂಧ ತೈಲ, ಅರಸಿನ ಯಾವುದನ್ನೂ ಸೇರಿಸದಿರುವುದು ಎಳೆಯ ಚರ್ಮಕ್ಕೆ ಕ್ಷೇಮ.

ಚರ್ಮವನ್ನು ತೊಳೆದು, ಉಜ್ಜದೆ ಒತ್ತಿ ಒರೆಸಿ, ಗಾಳಿಗೆ ಪೂರ್ತಿ ಒಣಗಿಸಿ ದಪ್ಪವಾಗಿ ಹಚ್ಚಿ. ಭರಣಿಗೆ ಒದ್ದೆ ಬೆರಳು ಹಾಕಬೇಡಿ. ಮೂರು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಸಂದುಗಳಲ್ಲಿ ಗಾಢ ಕೆಂಪಿನ ಸುತ್ತ ಸಣ್ಣ ಗುಳ್ಳೆಗಳೆದ್ದರೆ, ಕೀವು ಅಥವಾ ಜ್ವರ ಕಂಡರೆ ಮುಲಾಮು ನಿಲ್ಲಿಸಿ ವೈದ್ಯರಿಗೆ ತೋರಿಸಿ.