ಬಳ್ಳಾರಿಯಲ್ಲಿ ಮಗುವನ್ನು ಸಣ್ಣ ಕಾನ್ವೆಂಟ್ ಶಾಲೆಗೆ ಸೇರಿಸುವ ಮುಂಚೆ

ಕಟ್ಟಡ, ಬಸ್ಸು, ಫ್ಲೆಕ್ಸು ನೋಡಿ ಶಾಲೆ ಆರಿಸಬೇಡಿ. ಒಂದು ಮಾಮೂಲಿ ದಿನ ಊಟದ ಬಿಡುವಿನ ಹೊತ್ತಿಗೆ ಹೋಗಿ, ಆಫೀಸಿನಲ್ಲಿ ಕೇಳಿಕೊಂಡು ಸ್ವಲ್ಪ ಹೊತ್ತು ವರಾಂಡದಲ್ಲಿ ನಿಲ್ಲಿ. ತರಗತಿಗೆ ಒಂದೇ ಸೆಕ್ಷನ್ ಇರುವ ಕಡೆ ಸಿಸ್ಟರ್ ಎದುರಿಗೆ ಸಿಕ್ಕ ಮಗುವನ್ನು ಹೆಸರು ಹಿಡಿದು ಕರೆಯಬೇಕು. ಸಣ್ಣ ಶಾಲೆಯ ದೊಡ್ಡ ಲಾಭ ಅದೇ ಅಲ್ವಾ? ಅದಿಲ್ಲದಿದ್ದರೆ ಆಟದ ಮೈದಾನ ದೊಡ್ಡದಿರುವ ಬೇರೆ ಶಾಲೆಯೇ ವಾಸಿ.

ಆಮೇಲೆ ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಮಾನ್ಯತೆ ಇದೆ ಅಂತ ಕೇಳಿ. ಆದೇಶದ ಪ್ರತಿ ತೋರಿಸಿ ಅನ್ನಲು ಸಂಕೋಚ ಬೇಡ. ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ಡೊನೇಷನ್ ವಸೂಲಿ ತಡೆಯಲು ರಾಜ್ಯದಲ್ಲಿ 1984ರಿಂದಲೇ ಕಾನೂನಿದೆ, ಹಾಗಾಗಿ ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ.

ಪ್ರಾರ್ಥನೆಯ ವಿಷಯ ಮನೆಯ ಹಿರಿಯರನ್ನು ಕಾಡುತ್ತದೆ. ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಗಿದ್ದು 1949ರಲ್ಲಿ, ಆದರೆ ಇಲ್ಲಿನ ಕಾನ್ವೆಂಟ್‌ಗಳಲ್ಲಿ ಬೇರೆ ಧರ್ಮದ ಮಕ್ಕಳೇ ಜಾಸ್ತಿ. ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇರುತ್ತದೆ. ಸಾಮಾನ್ಯವಾಗಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ಮೌಲ್ಯ ಶಿಕ್ಷಣದ ಪಾಠ. ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿಯಲ್ಲೇ ಇದೆ. ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಸೇರಿಸುವ ದಿನವೇ ಹೆಡ್ ಸಿಸ್ಟರ್ ಹತ್ತಿರ ಮರ್ಯಾದೆಯಿಂದ ಹೇಳಿಬಿಡಿ. ನೀವು ಕ್ಯಾಥೊಲಿಕರಾದರೆ, ಮೊದಲ ಪರಮಪ್ರಸಾದದ ತಯಾರಿ ಶಾಲೆಯಲ್ಲೋ ಚರ್ಚಿನಲ್ಲೋ ಅಂತಲೂ ಕೇಳಿಕೊಳ್ಳಿ.

ಸೇರಿಸಿದ ಮೇಲೆ ಮೊದಲ ಕೆಲವು ತಿಂಗಳೇ ಕಷ್ಟ. ನಮ್ಮೂರಿನಲ್ಲಿ ಒಂದು ಮನೆಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಇದರ ಮೇಲೆ ಶಾಲೆಯಲ್ಲಿ ಇಂಗ್ಲಿಷ್ ಅಂದರೆ ಆರು ವರ್ಷದ ಕೂಸು ಬಾಯಿ ಮುಚ್ಚಿಕೊಂಡು ಕೂರುವುದು ಸಹಜ, ಅದನ್ನು ದಡ್ಡತನ ಅಂದುಕೊಂಡು ಸುಮ್ನೆ ಟ್ಯೂಷನ್‌ಗೆ ತಳ್ಳಬೇಡಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕ್ಲಾಸ್ ಮಿಸ್‌ಗೆ ತಿಳಿಸಿ. ಕನ್ನಡ ಮಾತಾಡಿದ್ದಕ್ಕೆ ದಂಡ, ಶಿಕ್ಷೆ ಇದೆಯಾ ಅಂತ ಮೊದಲೇ ವಿಚಾರಿಸಿ, ಇದ್ದರೆ ನಾನಂತೂ ಆ ಶಾಲೆ ಬೇಡ ಅನ್ನುತ್ತೇನೆ. 2015ರ ಕಾನೂನಿನ ಪ್ರಕಾರ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು.

ಡೈರಿಗೆ ದಿನಾ ಸಹಿ ಮಾಡಿ, ಬೇಸಿಗೆಯಲ್ಲಿ ದೊಡ್ಡ ನೀರಿನ ಬಾಟಲಿ ಕಳಿಸಿ. ಶಾಲೆಯ ಹಬ್ಬ, ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಕರೆದರೆ ಹೋಗಿ ಬನ್ನಿ, ಮಕ್ಕಳಿಗೆ ಬಹಳ ಖುಷಿ.

ಕಾಗದಪತ್ರ ಹಗುರವಾಗಿ ನೋಡಬೇಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಥರ ಇರಲಿ. ಮುಂದೆ 371ಜೆ ಮೀಸಲಾತಿಗೆ (ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಆ ವಿಧಿಯಡಿ ಸಿಗುವ ಮೀಸಲಾತಿ) ಅರ್ಜಿ ಹಾಕುವಾಗ ಇದೇ ದಾಖಲೆಗಳನ್ನು ತೆಗೆದು ನೋಡುತ್ತಾರೆ. ಅಕ್ಷರ ತಪ್ಪಿದ್ದರೆ ಎಸ್ಸೆಸ್ಸೆಲ್ಸಿ ತನಕ ಕಾಯದೆ ಒಂದನೇ ತರಗತಿಯಲ್ಲೇ ತಿದ್ದಿಸಿ.